ಅಪ್ಪನ ಕುರ್ಚಿಯ ಹಿಂದೆ

ಮೈಸೂರಿನ ಅಗ್ರಹಾರದ ನಮ್ಮ ಹಳೆಯ ಮನೆಯನ್ನು ಪಕ್ಷದವರು ಕೊಂಡು, ಸುಣ್ಣಬಣ್ಣ ಬಳಿದು, ಅಪ್ಪನ ಹೆಸರಿನಲ್ಲಿ ಸ್ಮಾರಕ ಮಾಡಿದ್ದಾರೆ. ಹೋದ ತಿಂಗಳು ನೋಡಲು ಹೋಗಿದ್ದೆ. ನಾನು ಯಾರೆಂದು ಹೇಳಿಕೊಳ್ಳಲಿಲ್ಲ, ಹೇಳಿಕೊಳ್ಳುವ ಮನಸ್ಸಾಗಲಿಲ್ಲ. ಎದೆಯ ಮೇಲೆ ಪಕ್ಷದ ಬ್ಯಾಡ್ಜು ಸಿಕ್ಕಿಸಿಕೊಂಡಿದ್ದ ಕಾರ್ಯಕರ್ತನೊಬ್ಬ ‘ಬನ್ನಿ ಆಂಟಿ’ ಎಂದು ಒಳಗೆ ಕರೆದುಕೊಂಡು ಹೋಗಿ, ಇದು ಪಡಸಾಲೆ, ಇದು ತೊಟ್ಟಿ, ಇದು ದೇವರ ಕೋಣೆ ಎಂದು ನನ್ನ ಮನೆಯನ್ನು ನನಗೇ ತೋರಿಸಿದ. ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯ ಮುಂದೆ ನಿಂತು, ದೇವಸ್ಥಾನದಲ್ಲಿ ಮಾತನಾಡುವವರ ಹಾಗೆ ದನಿ ತಗ್ಗಿಸಿ, ಮೇಡಂ ಓದಿ ಬೆಳೆದ ಕೋಣೆ ಇದೇ ಎಂದ. ಮೇಡಂ ಎಂದರೆ ಚಿಕ್ಕತಾಯಮ್ಮ. ಪಕ್ಷದ ಅಧ್ಯಕ್ಷೆ, ಈಗ ನಾಡಿನ ಮುಖ್ಯಮಂತ್ರಿ. ಆ ಕೋಣೆ ನನ್ನದು. ನಾನು ಹುಟ್ಟಿದ್ದೇ ಆ ಕೋಣೆಯಲ್ಲಿ. ಗೋಡೆಯ ಗೂಡಿನಲ್ಲಿ ಅವಳ ಶಾಲೆಯ ಪುಸ್ತಕಗಳೆಂದು ಜೋಡಿಸಿಟ್ಟಿದ್ದರಲ್ಲಿ ಅರ್ಧ ನನ್ನವು. ಭೂಗೋಳದ ಪುಸ್ತಕದ ರಟ್ಟಿನ ಮೇಲೆ ನಾನು ಬರೆದ ನವಿಲು ಈಗಲೂ ಇದೆ. ಅದನ್ನು ತೋರಿಸಿ ಆ ಕಾರ್ಯಕರ್ತ, ಮೇಡಂಗೆ ಚಿಕ್ಕಂದಿನಿಂದಲೂ ಚಿತ್ರಕಲೆ ಎಂದರೆ ಪ್ರಾಣ ಎಂದ. ಹೌದೇನಪ್ಪ ಎಂದೆ. ಇನ್ನೇನು ಹೇಳಲಿ, ಆ ನವಿಲನ್ನು ನೋಡಿ ‘ಇದೇನು ಕೋಳೀನಾ’ ಎಂದು ಅವಳು ನಕ್ಕಿದ್ದಳೆಂದು ಹೇಳಲೇ?

ಹೊಟ್ಟೆ ಉರಿಯಿತು. ಅದನ್ನು ಮುಚ್ಚಿಟ್ಟು ಬರೆಯುವುದಾದರೆ ನನ್ನ ಆತ್ಮಕಥೆಯ ಈ ಅಧ್ಯಾಯ ಬರೆಯುವುದೇ ಬೇಡ. ಅವಳ ಬಗ್ಗೆ ಬರೆದವರೆಲ್ಲ ಒಂದೇ ರಾಗ ಎಳೆಯುತ್ತಾರೆ. ಹಳ್ಳಿಯ ಹೆಣ್ಣುಮಗಳು, ಉದಯಗಿರಿಯ ಗಲ್ಲಿಗಲ್ಲಿ ಸುತ್ತಿ, ಮೆಕ್ಯಾನಿಕ್ಕುಗಳ, ಕೂಲಿಯವರ ಓಟಿನಿಂದ ಕಾರ್ಪೊರೇಟರ್ ಆದಳು, ಆಮೇಲೆ ಶಾಸಕಿಯಾದಳು, ಅಪ್ಪ ತೀರಿಹೋದ ಮೇಲೆ ಪಕ್ಷ ಒಡೆದು ದೊಡ್ಡ ದೊಡ್ಡವರೆಲ್ಲ ಗಂಟುಮೂಟೆ ಕಟ್ಟಿದಾಗ ಉಳಿದ ಚೂರನ್ನು ಸೆರಗಿನಲ್ಲಿ ಕಟ್ಟಿಕೊಂಡು ಊರೂರು ಅಲೆದಳು, ಕೊನೆಗೆ ವಿಧಾನಸೌಧದ ಮೂರನೇ ಮಹಡಿ ಹತ್ತಿದಳು. ಇದೆಲ್ಲ ನಿಜ, ಇಲ್ಲವೆನ್ನಲಾರೆ. ನನಗೆ ಮೈ ಉರಿಯುವುದು ಅವರು ಕೊನೆಯಲ್ಲಿ ಬರೆಯುವ ಮಾತಿಗೆ. ಅವಳು ಎಂಥ ಜನಜಂಗುಳಿಯಲ್ಲೂ ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತನಾಡಿಸುತ್ತಾಳಂತೆ, ಅವರ ಮನೆಯ ಸುಖದುಃಖ ವಿಚಾರಿಸುತ್ತಾಳಂತೆ, ಅದು ದೈವದತ್ತವಂತೆ. ದೈವದತ್ತವೂ ಇಲ್ಲ, ಮಣ್ಣೂ ಇಲ್ಲ. ಆ ವಿದ್ಯೆ ನಮ್ಮ ಪಡಸಾಲೆಯಲ್ಲಿ, ಅಪ್ಪನ ಬೆತ್ತದ ಕುರ್ಚಿಯ ಹಿಂದೆ ಕಲಿತದ್ದು. ಮತ್ತು ಆ ಕುರ್ಚಿಯ ಹಿಂದಿನ ಜಾಗ ಮೊದಲು ನನ್ನದಾಗಿತ್ತು.

ನಮ್ಮ ಬೀದಿ ಎಷ್ಟು ಕಿರಿದು ಎಂದರೆ ಎದುರುಮನೆಯವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ಬೆಳಗಿನ ಹೊತ್ತು ಅಪ್ಪ ಸ್ನಾನ ಮಾಡಿ ದೇವರ ಕೋಣೆಯಲ್ಲಿ ಕೂತು, ಎಡ ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ಪೂಜೆ ಮಾಡುವಷ್ಟು ಹೊತ್ತು ಮಾತ್ರ ಅದು ಮನೆಯಾಗಿರುತ್ತಿತ್ತು. ಅವರು ಹಣೆಯ ತುಂಬ ವಿಭೂತಿ ಇಟ್ಟು ಪಡಸಾಲೆಗೆ ಬಂದು ಕುರ್ಚಿಯಲ್ಲಿ ಕೂತರೆಂದರೆ ಮುಗಿಯಿತು, ಅದು ಪಕ್ಷದ ಆಫೀಸು. ವಕೀಲರಾಗಿ ಕೋರ್ಟಿಗೆ ಹೋಗಿಬರುತ್ತಿದ್ದ ಅಪ್ಪ ಒಂದು ದಿನ ದೊಡ್ಡ ಪಕ್ಷದವರೊಡನೆ ಜಗಳವಾಡಿ, ನಮ್ಮ ನಾಡಿಗೆ ನಮ್ಮದೇ ಪಕ್ಷ ಬೇಕು ಎಂದು ಹೇಳಿ ಬಂದ ಮೇಲೆ ನಮ್ಮ ಮನೆಯ ಬಾಗಿಲಿಗೆ ಅಗುಳಿ ಹಾಕಿದ್ದೇ ನನಗೆ ನೆನಪಿಲ್ಲ. ನಂಜನಗೂಡು ಕಡೆಯವರು, ಟಿ. ನರಸೀಪುರದ ಕಡೆಯವರು, ಹುಣಸೂರಿನ ಕಡೆಯವರು ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದರು. ಅವರ ಚಪ್ಪಲಿಗಳು ನಮ್ಮ ಜಗಲಿ ದಾಟಿ ಎದುರುಮನೆಯ ರಂಗೋಲಿಯವರೆಗೂ ಹರಡಿ, ಅದಕ್ಕಾಗಿ ವಾರಕ್ಕೊಮ್ಮೆಯಾದರೂ ಅಮ್ಮನಿಗೂ ಎದುರುಮನೆಯವರಿಗೂ ಮಾತಿಗೆ ಮಾತು ಬೆಳೆಯುತ್ತಿತ್ತು. ಬಂದವರಿಗೆಲ್ಲ ಉಪ್ಪಿಟ್ಟು, ಕಾಫಿ. ಆ ಉಪ್ಪಿಟ್ಟು ಕೆದಕಿ ಕೆದಕಿ ಅಮ್ಮನ ಬಲಗೈ ಸದಾ ನೋಯುತ್ತಿತ್ತು. ಇವತ್ತಿಗೂ ರವೆ ಹುರಿಯುವ ವಾಸನೆ ಬಂದರೆ ನನಗೆ ಯಾರೋ ಅಪರಿಚಿತರು ಮನೆಯೊಳಗೆ ಕೂತಿದ್ದಾರೆ ಎನ್ನಿಸುತ್ತದೆ.

ಅಪ್ಪನಿಗೆ ಒಂದು ಊನವಿತ್ತು, ಅದು ಮನೆಯವರಿಗೆ ಮಾತ್ರ ಗೊತ್ತಿತ್ತು. ಮುಖಗಳು ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕಾನೂನಿನ ಕಲಮುಗಳನ್ನು ಪುಸ್ತಕ ನೋಡದೆ ಹೇಳುತ್ತಿದ್ದ ಮನುಷ್ಯ, ನಿನ್ನೆ ಪಕ್ಕದಲ್ಲಿ ಕೂತು ಊಟ ಮಾಡಿ ಹೋದವರು ಇವತ್ತು ದೇವರಾಜ ಮಾರುಕಟ್ಟೆಯಲ್ಲಿ ಎದುರಾದರೆ ಗುರುತು ಹಿಡಿಯುತ್ತಿರಲಿಲ್ಲ. ಒಮ್ಮೆ ಅಮ್ಮನ ಸ್ವಂತ ತಮ್ಮನನ್ನೇ ‘ನಿಮ್ಮ ಕೇಸು ಯಾವುದು’ ಎಂದು ಕೇಳಿ, ಅಮ್ಮ ತವರಿನವರಿಗೆ ಮುಖ ತೋರಿಸಲಾಗದ ಹಾಗೆ ಮಾಡಿದ್ದರು. ವಕೀಲನಿಗೆ ಇದು ಹೇಗೋ ನಡೆದೀತು. ಓಟು ಕೇಳುವವನಿಗೆ ನಡೆಯುವುದಿಲ್ಲ. ಹಳ್ಳಿಯಿಂದ ಬಂದವನು ಓಟು ಕೊಟ್ಟಿದ್ದಕ್ಕೆ ಬೇರೇನೂ ಕೇಳದಿದ್ದರೂ ತನ್ನ ಗುರುತು ಹಿಡಿಯಲಿ ಎಂದು ಬಯಸುತ್ತಾನೆ. ಬಂದವರು ಎದುರಿಗೆ ನಿಂತಾಗ ಅಪ್ಪ ಒಂದು ನಗು ನಗುತ್ತಿದ್ದರು. ನೋಡಿದವರಿಗೆ ಅದು ತುಂಬಾ ಪ್ರೀತಿಯ ನಗು. ಅದು ಹೊತ್ತು ಕಳೆಯುವ ನಗು ಎಂದು ನನಗೆ ಗೊತ್ತಿತ್ತು.

ನನಗೆ ಆಗ ಎಂಟೋ ಒಂಬತ್ತೋ. ಒಂದು ಬೆಳಿಗ್ಗೆ ಕಾಫಿ ಲೋಟಗಳನ್ನು ಎತ್ತಿಕೊಂಡು ಹೋಗಲು ಬಂದಿದ್ದೆ. ಅಪ್ಪ ಯಾರನ್ನೋ ನೋಡಿ ನಗುತ್ತಾ, ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ತುಟಿ ಅಲ್ಲಾಡಿಸದೆ ಯಾರೇ ಇವರು ಎಂದು ಕೇಳಿದರು. ನಾನು ಅವರ ಬಲಗಿವಿಯ ಹತ್ತಿರ ಬಾಗಿ, ಸುತ್ತೂರು ಕಡೆ ರಾಚಪ್ಪನವರು, ಹೋದ ಸಲ ಮಗಳ ಮದುವೆಗೆ ಕರೆಯೋಕೆ ಬಂದಿದ್ರು ಎಂದೆ. ಅಪ್ಪ ಎರಡೂ ಕೈ ಚಾಚಿ, ರಾಚಪ್ಪನವರೇ, ಮಗಳು ಗಂಡನ ಮನೇಲಿ ಚೆನ್ನಾಗಿದ್ದಾಳಾ ಎಂದು ಕೇಳಿದರು. ಆ ಮನುಷ್ಯನ ಮುಖ ನೋಡಬೇಕಿತ್ತು. ಮಾರನೆಯ ದಿನದಿಂದ ಅಪ್ಪ ಪೂಜೆ ಮುಗಿಸಿ ಬಂದು ಕೂತ ಕೂಡಲೇ ‘ದಾಕ್ಷಿ, ಬಾಮ್ಮ’ ಎಂದು ಕರೆಯತೊಡಗಿದರು. ದಾಕ್ಷಾಯಿಣಿ ಎಂಬ ನನ್ನ ಹೆಸರು ಅದಕ್ಕಿಂತ ಮೊದಲು ಅಷ್ಟು ಚೆನ್ನಾಗಿ ಕೇಳಿಸಿರಲಿಲ್ಲ.

ಆ ಕೆಲಸವನ್ನು ನಾನು ಶ್ರದ್ಧೆಯಿಂದ ಮಾಡಿದೆ. ಜಗಲಿಯ ಮೇಲೆ ಕಾಯುತ್ತಾ ಕೂತವರ ನಡುವೆ ನೀರಿನ ಚೊಂಬು ಹಿಡಿದು ಸುತ್ತಾಡಿ ಅವರ ಮಾತೆಲ್ಲ ಕಿವಿಗೆ ಹಾಕಿಕೊಳ್ಳುತ್ತಿದ್ದೆ. ಯಾರ ಹಸು ಸತ್ತಿತು, ಯಾರ ಮಗ ಫೇಲಾದ, ಯಾರ ಹೆಂಡತಿ ಮುನಿಸಿಕೊಂಡು ತವರಿಗೆ ಹೋದಳು. ಆಮೇಲೆ ಕುರ್ಚಿಯ ಹಿಂದೆ ನಿಂತು, ಅದರ ಬೆನ್ನಿನ ಬೆತ್ತ ಹಿಡಿದುಕೊಂಡು, ಅಪ್ಪ ತಲೆ ವಾಲಿಸುವುದನ್ನೇ ಕಾಯುತ್ತಿದ್ದೆ. ಹತ್ತಿರದಿಂದ ಅವರ ಕಿವಿಯ ಹಿಂದೆ ಒರೆಸದೆ ಉಳಿದ ಸೋಪಿನ ವಾಸನೆ, ವಿಭೂತಿಯ ವಾಸನೆ ಬರುತ್ತಿತ್ತು. ಇಡೀ ದಿನದಲ್ಲಿ ಅಪ್ಪ ನನಗೆ ಸಿಗುತ್ತಿದ್ದದ್ದು ಅಷ್ಟೇ. ಮಧ್ಯಾಹ್ನದ ಊಟಕ್ಕೆ ಅವರು ಬಂದವರ ಪಂಕ್ತಿಯಲ್ಲಿ ಕೂತರೆ ನಾವು ಹೆಂಗಸರು ಮಕ್ಕಳು ಅವರೆಲ್ಲ ಎದ್ದ ಮೇಲೆ ಅಡುಗೆಮನೆಯಲ್ಲಿ. ಹೆಣ್ಣುಮಗು ಗಂಡಸರ ನಡುವೆ ನಿಲ್ಲುವುದು ಚೆಂದವಲ್ಲ ಎಂದು ಅಮ್ಮ ಗೊಣಗುತ್ತಿದ್ದರು. ಅಪ್ಪ ಮಾತ್ರ, ಇವಳಿಲ್ಲದಿದ್ದರೆ ನಾನು ಕುರುಡ ಕಣೇ ಎಂದಿದ್ದರು. ಆ ಮಾತನ್ನು ನಾನು ಶಾಲೆಯಲ್ಲಿ ಪಾಠದ ನಡುವೆಯೂ ನೆನಪು ಮಾಡಿಕೊಂಡು ನಗುತ್ತಿದ್ದೆ.

ನನಗೆ ಆಗ ಹನ್ನೆರಡೋ ಹದಿಮೂರೋ, ಚುನಾವಣೆಗೆ ಇನ್ನು ಕೆಲವು ತಿಂಗಳಿತ್ತು. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪನ ಜೀಪು ಓಡಿಸುತ್ತಿದ್ದ ಕೆಂಪಣ್ಣನ ಮಗಳು ಅವತ್ತು ತನ್ನ ಊರಿನವರ ಜೊತೆ ಬಂದಿದ್ದಳು. ನನ್ನದೇ ವಯಸ್ಸು, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಜಡೆ, ಉದ್ದ ಲಂಗ. ಕಂಬಕ್ಕೆ ಒರಗಿ ನಿಂತು ಎಲ್ಲರನ್ನೂ ನೋಡುತ್ತಿದ್ದಳು. ಆಗ ಹೆಗಲ ಮೇಲೆ ಕೆಂಪು ಅಂಚಿನ ವಲ್ಲಿ ಹಾಕಿಕೊಂಡ, ದಪ್ಪ ಮೀಸೆಯ ಒಬ್ಬರು ಮುಂದೆ ಬಂದು ಕೈಮುಗಿದರು. ಅಪ್ಪ ನಕ್ಕು ತಲೆ ವಾಲಿಸಿದರು. ನಾನು ಒಂದು ಕ್ಷಣವೂ ಅನುಮಾನವಿಲ್ಲದೆ, ಪುಟ್ಟಬಸಪ್ಪನವರು, ನಮ್ಮ ಬೂತ್ ಏಜೆಂಟು ಎಂದು ಹೇಳಿದೆ. ಅಪ್ಪ ಕೈ ಚಾಚಿ, ಗಟ್ಟಿಯಾಗಿ, ಬನ್ನಿ ಪುಟ್ಟಬಸಪ್ಪನವರೇ, ಎಲ್ಲಿ ಮಾಯವಾಗಿಬಿಟ್ರಿ ಇಷ್ಟು ದಿನ ಎಂದರು. ಪುಟ್ಟಬಸಪ್ಪ ಎದೆನೋವು ಬಂದು ತೀರಿಕೊಂಡು ಹನ್ನೊಂದನೆಯ ದಿನವೂ ಕಳೆದಿತ್ತು. ಎದುರಿಗೆ ನಿಂತಿದ್ದವನು ಅವರ ತಮ್ಮ ಮಾದಪ್ಪ. ನನಗೆ ಹೇಗೆ ಗೊತ್ತಾಗಬೇಕು? ಸಾವಿನ ಸುದ್ದಿ ನಮ್ಮ ಜಗಲಿಗೆ ಬಂದಿರಲಿಲ್ಲ. ಅದೇ ಮೀಸೆ, ಅಣ್ಣನದೇ ವಲ್ಲಿ. ಯಾರಾದರೂ ಹಾಗೇ ಹೇಳುತ್ತಿದ್ದರು. ಮಾದಪ್ಪ ಮುಗಿದ ಕೈ ಇಳಿಸಿದ. ಸತ್ತ ಏಜೆಂಟನ ಹೆಸರನ್ನು, ಸತ್ತದ್ದೂ ತಿಳಿಯದೆ, ಅವನ ಊರಿನವರೆಲ್ಲರ ಎದುರಿಗೆ ಕೂಗಿದ ನಾಯಕನಿಗೆ ಆ ಊರಿನಲ್ಲಿ ಇನ್ನು ಒಂದು ಓಟೂ ಇರಲಿಲ್ಲ. ಅಪ್ಪನ ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತ್ತು. ಆಗ ಕಂಬದ ಕಡೆಯಿಂದ ಒಂದು ದನಿ ಬಂತು.

‘ಲಾಯರಪ್ಪಂಗೆ ನಿಮ್ ಮೊಕದಲ್ಲಿ ನಿಮ್ಮಣ್ಣ ಕಂಡ್ಬುಟ್ರು ಕಣ ಮಾದಪ್ಪಣ್ಣ. ಅದ್ಕೇ ಬಾಯಿಗೆ ಆ ಎಸ್ರು ಬಂತು. ನಮ್ಮೂರಲ್ಲೂ ಎಲ್ರಿಗೂ ಅಂಗೇ ಆಯ್ತದಲ್ವಾ?’

ಮಾದಪ್ಪ ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ಎದ್ದು ಹೋಗಿ ಅವನನ್ನು ಹಿಡಿದುಕೊಂಡರು. ಅವರ ಕಣ್ಣೂ ಒದ್ದೆಯಾಗಿತ್ತು. ಅದು ನಿಜವಾದ ಅಳುವೇ, ನನಗೆ ಅನುಮಾನವಿಲ್ಲ. ಲಾಯರಪ್ಪ ನಮ್ಮಣ್ಣನನ್ನು ಮರೆತಿಲ್ಲ ಎಂದು ಮಾದಪ್ಪ ಕಂಡವರಿಗೆಲ್ಲ ಹೇಳುತ್ತಾ ಹೋದ. ಆ ಊರು ಅಪ್ಪ ಬದುಕಿರುವವರೆಗೂ ಅವರ ಕೈಬಿಡಲಿಲ್ಲ. ನಾನು ಕುರ್ಚಿಯ ಹಿಂದೆ ಬೆತ್ತ ಹಿಡಿದುಕೊಂಡು ಹಾಗೇ ನಿಂತಿದ್ದೆ. ಯಾರೂ ಬೈಯಲಿಲ್ಲ, ಯಾರೂ ನನ್ನ ಕಡೆ ನೋಡಲೂ ಇಲ್ಲ. ಅಪ್ಪ ಮಾತ್ರ ಮಾದಪ್ಪನ ಹೆಗಲ ಮೇಲಿನಿಂದ ಕಂಬದ ಹತ್ತಿರ ನಿಂತಿದ್ದವಳನ್ನೇ ನೋಡುತ್ತಿದ್ದರು. ಅಷ್ಟು ಹೊತ್ತು ಅವರು ಯಾರ ಮುಖವನ್ನಾದರೂ ನೋಡಿದ್ದನ್ನು ನಾನು ಕಂಡಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಕೆಂಪಣ್ಣನನ್ನು ಕರೆದು, ನಿಮ್ಮೂರಲ್ಲಿ ಹೈಸ್ಕೂಲಿಲ್ಲವಲ್ಲ, ಇವಳು ಇಲ್ಲೇ ಇದ್ದು ಓದಿಕೊಳ್ಳಲಿ ಎಂದರು. ನನ್ನ ಕೋಣೆಯಲ್ಲಿ ಜಾಗವಿದೆಯೇ ಎಂದು ನನ್ನನ್ನು ಕೇಳಲಿಲ್ಲ.

ಹೀಗೆ ಚಿಕ್ಕತಾಯಿ ಒಂದು ತಗಡಿನ ಟ್ರಂಕಿನೊಡನೆ ನನ್ನ ಕೋಣೆಗೆ ಬಂದಳು. ಅಮ್ಮನಿಗೆ ಮೊದಲು ಮನಸ್ಸಿರಲಿಲ್ಲ. ಅವರದು ಬಾಡೂಟದ ಮನೆ, ನಮ್ಮದು ಲಿಂಗಪೂಜೆಯ ಮನೆ. ಅಡುಗೆಮನೆಯ ಹೊಸ್ತಿಲಲ್ಲೇ ನಿಲ್ಲಿಸಿ ಅಮ್ಮ ಅದನ್ನು ಬಾಯಿಬಿಟ್ಟು ಹೇಳಿದಾಗ ಅವಳು ಮುಖ ಸಪ್ಪಗೆ ಮಾಡಲಿಲ್ಲ. ಇಲ್ಲಿರೋಗಂಟ ಅದ್ನ ನೆನಸ್ಕಳದೂ ಇಲ್ಲ ಕಣಮ್ಮ ಎಂದಳು. ಹೇಳಿದ ಹಾಗೇ ನಡೆದುಕೊಂಡಳು. ಅಮ್ಮನ ಕೈನೋವು ನೋಡಿ ಉಪ್ಪಿಟ್ಟಿನ ಸೌಟನ್ನು ತಾನೇ ಇಸಿದುಕೊಂಡಳು. ಒರಳಿನ ಮುಂದೆ ಕೂತರೆ ದೋಸೆಹಿಟ್ಟು ಬೆಣ್ಣೆಯಾಗುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಅಮ್ಮ, ಆ ಮಗುವನ್ನು ನೋಡಿಯಾದರೂ ಕಲಿತುಕೋ ಎಂದು ನನಗೆ ಹೇಳತೊಡಗಿದರು. ಎದುರುಮನೆಯವರ ರಂಗೋಲಿಯ ಮೇಲೆ ಬಿದ್ದ ಚಪ್ಪಲಿಗಳನ್ನು ಅವಳೇ ಹೋಗಿ ಸಾಲಾಗಿ ಜೋಡಿಸಿ ಬಂದದ್ದರಿಂದ ಆ ಜಗಳವೂ ನಿಂತಿತು. ಅವಳು ಏನು ಮಾಡಿದರೂ ಯಾರಿಗಾದರೂ ಒಳ್ಳೆಯದಾಗುತ್ತಿತ್ತು. ಅಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂದು ಪಟ್ಟವರಿಗೇ ಗೊತ್ತು. ಜಗಳ ತೆಗೆಯೋಣವೆಂದರೆ ಒಂದು ಕಾರಣವೂ ಕೈಗೆ ಸಿಗುತ್ತಿರಲಿಲ್ಲ.

ಅವಳು ನನ್ನ ಜಾಗವನ್ನು ಕಿತ್ತುಕೊಳ್ಳಲಿಲ್ಲ. ಒಂದು ಬೆಳಿಗ್ಗೆ ನಾನು ಜಡೆ ಹೆಣೆಸಿಕೊಂಡು ಬರುವುದು ತಡವಾಯಿತು. ಬಂದು ನೋಡಿದರೆ ಅವಳು ಕುರ್ಚಿಯ ಹಿಂದೆ ನಿಂತಿದ್ದಳು. ಅಪ್ಪ ತಲೆ ವಾಲಿಸಿದರು. ಅವಳು ಬಾಗಲಿಲ್ಲ, ಪಿಸುಗುಟ್ಟಲಿಲ್ಲ. ಎದುರಿಗೆ ಬಂದವನನ್ನು ನೋಡಿ ತಾನೇ ಗಟ್ಟಿಯಾಗಿ, ಬನ್ನಿ ನಿಂಗಣ್ಣ, ಎಮ್ಮೆ ಕರ ಆಕ್ತಾ, ಅವ್ವಂಗೆ ಕಣ್ಣಿನ ಆಪ್ರೇಸನ್ ಮಾಡ್ಸಿದ್ರಾ ಎಂದು ಕೇಳಿದಳು. ಅಪ್ಪನಿಗೆ ಹೆಸರು ಸಿಕ್ಕಿತು, ವಿಷಯ ಸಿಕ್ಕಿತು. ಬಂದವನಿಗೆ ಒಂದರ ಬದಲು ಎರಡು ಆದರ ಸಿಕ್ಕಿತು. ಆ ಮನುಷ್ಯ ಹೊರಗೆ ಹೋಗುವಾಗ ಅಪ್ಪನಿಗೆ ಕೈಮುಗಿದ ಮೇಲೆ ಅವಳಿಗೂ, ಬತ್ತೀನಿ ಕಣವ್ವ ಎಂದು ಹೇಳಿಹೋದ. ನಾನು ಅಷ್ಟು ವರ್ಷ ಆ ಜಾಗದಲ್ಲಿ ನಿಂತಿದ್ದೆನಲ್ಲ, ಒಬ್ಬರೂ ನನಗೆ ಹಾಗೆ ಹೇಳಿ ಹೋಗಿರಲಿಲ್ಲ. ನಾನು ಹೇಳಿದ್ದೆಲ್ಲ ಅಪ್ಪನ ಕಿವಿಗೆ ಹೋಗಿ ಅಪ್ಪನ ಮಾತಾಗುತ್ತಿತ್ತು. ಅವಳು ಹೇಳಿದ್ದು ಅವಳ ಮಾತಾಗಿಯೇ ಉಳಿಯುತ್ತಿತ್ತು. ಮುಂದೆ ಅವಳು ಏನೇನಾದಳೋ ಅದೆಲ್ಲ ಅವತ್ತೇ ಆಗಿಹೋಯಿತು ಎಂದು ನನ್ನ ನಂಬಿಕೆ. ಅದನ್ನು ಮೊದಲು ಕಂಡವಳು ನಾನು, ಕಂಡು ಸಂಕಟಪಟ್ಟವಳೂ ನಾನು.

ಸಂಜೆ ಅಪ್ಪ ಕೋರ್ಟಿನಿಂದ ಬಂದು ಕೈಕಾಲು ತೊಳೆಯುವಾಗ ಟವಲು ಹಿಡಿದು ನಿಂತೆ. ಅಳಬಾರದೆಂದು ನಿಶ್ಚಯ ಮಾಡಿಕೊಂಡಿದ್ದೆ.

‘ಅಪ್ಪ, ಅದು ನನ್ನ ಜಾಗ.’

‘ಯಾವುದಮ್ಮ?’

‘ಕುರ್ಚಿ ಹಿಂದೆ. ನಾನಿಲ್ದಿದ್ರೆ ನೀವು ಕುರುಡರು ಅಂದಿದ್ರಿ.’

ಅಪ್ಪ ಟವಲು ತೆಗೆದುಕೊಂಡು ಮುಖ ಒರೆಸಿಕೊಂಡರು.

‘ಬಂದವರಿಗೆ ಸಮಾಧಾನ ಆಗ್ಬೇಕು ಪುಟ್ಟಿ. ಯಾರು ನಿಂತ್ರೇನು? ನಿಂಗೆ ಓದೋದಿದೆ. ನೀನು ಓದ್ಕೋ.’

ಓದ್ಕೋ ಎಂದರು, ಓದಿದೆ. ಛಲಕ್ಕೆ ಬಿದ್ದು ಓದಿದೆ. ಮುಂದೆ ಕಾಲೇಜಿನಲ್ಲಿ ಪಾಠ ಹೇಳಿ ಬದುಕು ಕಟ್ಟಿಕೊಂಡೆ, ಚಾಮರಾಜಪುರಂನಲ್ಲಿ ಸ್ವಂತ ಮನೆ ಮಾಡಿಕೊಂಡೆ. ಇದೆಲ್ಲ ಆ ಒಂದು ಮಾತಿನ ಫಲ. ಜನ ಇದನ್ನು ವಿದ್ಯೆಯ ಮೇಲಿನ ಪ್ರೀತಿ ಎಂದುಕೊಂಡಿದ್ದಾರೆ. ನನಗೆ ಬೇಕಾಗಿದ್ದದ್ದು ಬೆತ್ತದ ಕುರ್ಚಿಯ ಹಿಂದೆ ಎರಡಡಿ ಜಾಗ. ಅದು ಸಿಗಲಿಲ್ಲವೆಂದು ಉಳಿದದ್ದನ್ನೆಲ್ಲ ಓದಿಬಿಟ್ಟೆ.

ಮೊದಮೊದಲು ಅವಳು ಎಲ್ಲರ ಹಾಗೆ ಲಾಯರಪ್ಪ ಎನ್ನುತ್ತಿದ್ದಳು. ಯಾವತ್ತೋ ಒಂದು ದಿನ ಲಾಯರ್ ಉದುರಿಹೋಗಿ ಬರೀ ಅಪ್ಪ ಉಳಿಯಿತು. ಅದನ್ನು ನಾನು ಅನ್ನದ ಮುಂದೆ ಕೂತಿದ್ದಾಗ ಗಮನಿಸಿದೆ. ಅಮ್ಮ ಹುರುಳಿಕಾಳಿನ ಸಾರು ಬಡಿಸುತ್ತಿದ್ದರು. ಅಪ್ಪಂಗೆ ಒಂದ್ ಸೌಟು ತೆಗೆದಿಡಿ ಅಮ್ಮ, ಅವ್ರಿಗೆ ಇದು ಇಷ್ಟ ಎಂದಳು. ಅಪ್ಪನಿಗೆ ಹುರುಳಿಕಾಳಿನ ಸಾರು ಇಷ್ಟವೆಂದು ನನಗೆ ಗೊತ್ತೇ ಇರಲಿಲ್ಲ. ಪಂಕ್ತಿಯಲ್ಲಿ ಬಡಿಸುವಾಗ ನೋಡಿ ತಿಳಿದುಕೊಂಡಿದ್ದಳು. ನನಗೆ ತಡೆಯಲಾಗಲಿಲ್ಲ. ತಟ್ಟೆ ಬಿಟ್ಟು ಎದ್ದು ಕೋಣೆಗೆ ಹೋದೆ. ಅವಳು ಕೈ ತೊಳೆದುಕೊಂಡು ಹಿಂದೆಯೇ ಬಂದಳು.

‘ನಿಂಗೇನು ಅಪ್ಪ ಇಲ್ವಾ? ನಮ್ಮಪ್ಪನ್ನೇ ಯಾಕೆ ಅಪ್ಪ ಅಂತೀಯ?’ ಎಂದೆ.

‘ಇಲ್ದೆ ಏನು, ಅವ್ರೆ ಕಣ ದಾಕ್ಷಿ’ ಎಂದಳು. ‘ಅವ್ರು ವರ್ಸೆಲ್ಲಾ ನಿಮ್ಮಪ್ಪನ ಜೀಪಲ್ಲೇ ಇರ್ತಾರೆ. ನಂಗೆಲ್ಲಿ ಸಿಗ್ತಾರೆ ಹೇಳು.’

ಸಿಟ್ಟಿನಿಂದ ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೇ. ಆಮೇಲೆ ಟ್ರಂಕಿನ ಮೇಲೆ ಕೂತು ಶಾಲೆಯ ಲೆಕ್ಕ ಮಾಡತೊಡಗಿದಳು. ಅವಳ ಮಾತು ಸರಿಯಾಗಿತ್ತು. ಅವಳ ಮಾತು ಯಾವಾಗಲೂ ಸರಿಯಾಗಿರುತ್ತಿತ್ತು, ನನಗೆ ಅವಳಲ್ಲಿ ಆಗದೇ ಇದ್ದದ್ದೇ ಅದು. ಅವಳ ಅಪ್ಪನನ್ನು ನನ್ನ ಅಪ್ಪ ತೆಗೆದುಕೊಂಡಿದ್ದರು, ನನ್ನ ಅಪ್ಪನನ್ನು ಅವಳು ತೆಗೆದುಕೊಂಡಳು. ನನ್ನ ಪಾಲಿಗೆ ಯಾರೂ ಉಳಿಯಲಿಲ್ಲ ಎಂಬುದು ಅವಳ ಲೆಕ್ಕದಲ್ಲಿ ಬಂದಂತೆ ಕಾಣಲಿಲ್ಲ.

ಆ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡು ದೊಡ್ಡ ಪಕ್ಷಗಳ ಜಗಳದ ನಡುವೆ, ನಮ್ಮ ಸಣ್ಣ ಪಕ್ಷದ ನಾಯಕನೇ ಮುಖ್ಯಮಂತ್ರಿಯಾಗಲಿ ಎಂದು ತೀರ್ಮಾನವಾಯಿತು. ಆ ಸರ್ಕಾರ ಹೆಚ್ಚು ದಿನ ಬಾಳಲಿಲ್ಲ. ಅಪ್ಪ ಆ ಕುರ್ಚಿಗೆ ಸರಿಯಾಗಿ ಬೆನ್ನು ಆನಿಸುವ ಮೊದಲೇ ಬಿತ್ತು. ಆದರೆ ಸುದ್ದಿ ಬಂದ ದಿನ ನಮ್ಮ ಬೀದಿಯಲ್ಲಿ ಹಚ್ಚಿದ ಪಟಾಕಿಯ ಹೊಗೆಗೆ ಮೂರು ಮನೆಯಾಚೆ ಕಾಣುತ್ತಿರಲಿಲ್ಲವಂತೆ. ಕಾಣುತ್ತಿರಲಿಲ್ಲವಂತೆ ಎನ್ನುತ್ತೇನೆ, ಏಕೆಂದರೆ ನಾನು ಅಲ್ಲಿರಲಿಲ್ಲ. ನನಗೆ ಟೈಫಾಯ್ಡ್ ಬಂದಿತ್ತು. ಆ ಗದ್ದಲದಲ್ಲಿ ಬೇಡವೆಂದು ಅಮ್ಮ ನನ್ನನ್ನು ಚಾಮರಾಜಪುರಂನಲ್ಲಿದ್ದ ಚಿಕ್ಕಮ್ಮನ ಮನೆಗೆ ಕರೆದು ತಂದು, ತಾವೂ ಅಲ್ಲೇ ಉಳಿದಿದ್ದರು. ಜ್ವರಕ್ಕೆ ಕೂದಲು ಉದುರತೊಡಗಿ, ಕೊನೆಗೆ ಜಡೆಯನ್ನೆಲ್ಲ ಕತ್ತರಿಸಿ ತಲೆಯನ್ನು ಗಂಡುಹುಡುಗರ ಹಾಗೆ ಸಣ್ಣ ಮಾಡಿದ್ದರು. ಪ್ರಮಾಣವಚನದ ಹಿಂದಿನ ದಿನ ಚಿಕ್ಕತಾಯಿ ಕಿತ್ತಳೆಹಣ್ಣು ಹಿಡಿದುಕೊಂಡು ಬಂದಳು. ಹಣ್ಣು ಸುಲಿದು, ನಾರು ಬಿಡಿಸಿ, ಒಂದೊಂದೇ ತೊಳೆಯನ್ನು ನನ್ನ ಬಾಯಿಗೆ ಇಟ್ಟಳು. ಅಪ್ಪಂಗೆ ಏನಾರ ಯೋಳ್ಬೇಕಾ ಎಂದು ಕೇಳಿದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಮಾರನೆಯ ದಿನ ರೇಡಿಯೋದಲ್ಲಿ ಅಪ್ಪನ ದನಿ ಕೇಳಿಸಿತು. ಅವಳು ಬೆಂಗಳೂರಿನಲ್ಲಿ, ಅವರ ಹಿಂದೆ ಎಲ್ಲೋ ನಿಂತಿದ್ದಳು. ನಾನು ಹಾಸಿಗೆಯಲ್ಲಿ ಮಲಗಿ, ಈಗ ತಲೆ ವಾಲಿಸಿರುತ್ತಾರೆ, ಈಗ ಅವಳು ಹೆಸರು ಹೇಳಿರುತ್ತಾಳೆ ಎಂದು ಅಂದುಕೊಳ್ಳುತ್ತಲೇ ಇದ್ದೆ.

ಅಪ್ಪ ಮುಖ್ಯಮಂತ್ರಿಯಾಗಿ ಮೊದಲ ಸಲ ಮೈಸೂರಿಗೆ ಬಂದ ಬೆಳಿಗ್ಗೆ, ಜ್ವರ ಬಿಟ್ಟ ನನ್ನನ್ನು ಅಮ್ಮ ಮನೆಗೆ ಕರೆದುಕೊಂಡು ಹೊರಟರು. ಬೀದಿಯ ತುದಿಯಲ್ಲೇ ಜಟಕಾ ನಿಂತಿತು. ಮುಂದೆ ಜನವೋ ಜನ. ಪೊಲೀಸರು ಹಗ್ಗ ಕಟ್ಟಿ ಸಾಲು ಮಾಡಿದ್ದರು. ಅಮ್ಮ, ಹಿತ್ತಲ ಸಂದಿಯಿಂದ ಹೋಗೋಣ ಬಾರೇ ಎಂದರು. ನಾನು ಬರುವುದಿಲ್ಲ ಎಂದೆ. ನಮ್ಮ ಮನೆಗೆ ನಾನು ಹಿತ್ತಲಿನಿಂದ ಯಾಕೆ ಹೋಗಬೇಕು? ಎದುರುಬಾಗಿಲಿನಿಂದ ಹೋಗುತ್ತೇನೆ, ಅಪ್ಪ ನೋಡಲಿ, ಎಷ್ಟು ಬಡವಾಗಿದ್ದೇನೆಂದು ನೋಡಿ ಎದ್ದು ಬರಲಿ ಎಂದು ನನ್ನ ಹಟ. ಅಮ್ಮ ಬೈದುಕೊಂಡು ಸಂದಿಗೆ ತಿರುಗಿದರು. ನಾನು ಸಾಲಿನಲ್ಲಿ ನಿಂತೆ. ಯಾರಿಗೂ ನನ್ನ ಗುರುತು ಸಿಗಲಿಲ್ಲ. ಮುಂದೆ ಒಬ್ಬಾಕೆ ಪಿಂಚಣಿಗೆ ಬಂದಿದ್ದಳು, ಹಿಂದೆ ಒಬ್ಬ ಅಜ್ಜ ಕೆರೆಯ ತೂಬಿನ ಕೆಲಸಕ್ಕೆ ಬಂದಿದ್ದ. ನೀನು ಏನಕ್ಕೆ ಬಂದೆ ಮಗ ಎಂದು ಅಜ್ಜ ಕೇಳಿದ. ನೋಡೋಕೆ ಎಂದೆ.

ಸಾಲು ಜಗಲಿ ಹತ್ತಿತು, ಪಡಸಾಲೆಗೆ ಬಂತು. ಕುರ್ಚಿಯಲ್ಲಿ ಅಪ್ಪ, ಕೊರಳಲ್ಲಿ ಹಾರ, ಕಣ್ಣುಗಳಲ್ಲಿ ನಿದ್ದೆಗೆಟ್ಟ ಕೆಂಪು. ಹಿಂದೆ ಚಿಕ್ಕತಾಯಿ. ಅವಳು ಎಂದಿನ ಹಾಗೆ ಗಟ್ಟಿಯಾಗಿ ಒಬ್ಬೊಬ್ಬರ ಹೆಸರೂ ಹೇಳಿ ಬರಮಾಡಿಕೊಳ್ಳುತ್ತಿದ್ದಳು. ಪಿಂಚಣಿಯಾಕೆಯ ಕೆಲಸ ಮುಗಿಯಿತು. ನಾನು ಮುಂದೆ ಬಂದು ನಿಂತೆ. ಅಪ್ಪ ತಲೆಯೆತ್ತಿ ನನ್ನನ್ನು ನೋಡಿ ನಕ್ಕರು. ತುಂಬಾ ಪ್ರೀತಿಯ ನಗು. ನಗುತ್ತಲೇ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರು.

ಅವಳು ಬಾಯಿ ತೆರೆದಳು. ಈಗ ಎಲ್ಲರ ಮುಂದೆ ನನ್ನ ಹೆಸರು ಕೂಗುತ್ತಾಳೆ, ಹೆತ್ತ ಮಗಳ ಗುರುತು ಸಿಗಲಿಲ್ಲವೆಂದು ಲೋಕಕ್ಕೆಲ್ಲ ತಿಳಿಯುತ್ತದೆ ಎಂದುಕೊಂಡೆ. ನಿಜ ಹೇಳುತ್ತೇನೆ, ತಿಳಿಯಲಿ ಎಂದೇ ಕಾದೆ. ಅವಳು ನನ್ನನ್ನು ನೋಡಿದಳು. ತೆರೆದ ಬಾಯಿ ಮುಚ್ಚಿದಳು. ಅಷ್ಟು ದಿನಗಳಲ್ಲಿ ಮೊದಲ ಸಲ, ನಾನು ಬಾಗುತ್ತಿದ್ದ ಹಾಗೆ ಬಾಗಿ, ಅಪ್ಪನ ಬಲಗಿವಿಯಲ್ಲಿ ಏನೋ ಪಿಸುಗುಟ್ಟಿದಳು. ದಾಕ್ಷಿ ಎಂದಳೋ, ನಿಮ್ಮ ಮಗಳು ಎಂದಳೋ ನನಗೆ ತಿಳಿಯದು. ಈ ವಯಸ್ಸಿನವರೆಗೂ ನಾನು ಅದನ್ನು ಅವಳಿಂದ ಕೇಳಿ ತಿಳಿದುಕೊಳ್ಳಲಿಲ್ಲ. ಅಪ್ಪನ ಕೈಗಳು ಮುಂದೆ ಬಂದವು.

‘ಏನಮ್ಮ ದಾಕ್ಷಿ, ಜ್ವರ ಬಿಡ್ತಾ? ಕಿತ್ತಳೆಹಣ್ಣು ತಿಂದ್ಯಾ?’

ಇಂಥ ರಾಜಕಾರ್ಯದ ನಡುವೆಯೂ ಮಗಳ ಜ್ವರ ಮರೆತಿಲ್ಲ ನೋಡಿ ಪುಣ್ಯಾತ್ಮ ಎಂದು ಸುತ್ತ ನಿಂತವರು ಲೊಚಗುಟ್ಟಿದರು. ಕಿತ್ತಳೆಹಣ್ಣಿನ ವಿಷಯ ಯಾರ ಬಾಯಿಂದ ಬಂತೆಂದು ನನಗೆ ಗೊತ್ತು. ಆ ಪ್ರಶ್ನೆ ಹೇಗೆ ತಯಾರಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವಳು ಆ ಪಡಸಾಲೆಯಲ್ಲಿ ಒಬ್ಬಳೇ ಇದ್ದಳು. ಎಲ್ಲ ಗೊತ್ತಿದ್ದೂ ನನ್ನ ಕಣ್ಣು ತುಂಬಿ ಬಂತು. ರಾಚಪ್ಪನಿಗೆ, ಮಾದಪ್ಪನಿಗೆ, ಎಮ್ಮೆಯ ನಿಂಗಣ್ಣನಿಗೆ ಏನಾಗಿತ್ತೋ ಅದೇ ನನಗೂ ಆಯಿತು. ಬಿಡ್ತು ಎಂದೆ. ನನಗೇ ತಿಳಿಯದೆ ಎರಡೂ ಕೈ ಜೋಡಿಸಿ ಮುಗಿದಿದ್ದೆ. ಮುಂದೆ ನಡಿ, ಮುಂದೆ ನಡಿ ಎಂದು ಪೊಲೀಸಿನವನು ಭುಜ ಮುಟ್ಟಿದ. ಪಕ್ಕಕ್ಕೆ ಸರಿದು ನಿಂತೆ. ನನ್ನ ಹಿಂದಿದ್ದ ಅಜ್ಜ ಮುಂದೆ ಬಂದ. ಅಪ್ಪ ತಲೆಯೆತ್ತಿ ಅವನನ್ನು ನೋಡಿ ನಕ್ಕರು.